ಒಂದೇ ಒರೆಗಲ್ಲು



ಕ್ರೈಸ್ತ ಧರ್ಮ ಹುಟ್ಟಿದ ಬಗೆಯನ್ನೂ ಅದರ ಧರ್ಮಗ್ರಂಥ ರೂಪುಗೊಂಡ ಬಗೆಯನ್ನೂ ತೆರೆದ ಮನಸ್ಸಿನಿಂದ ಅಭ್ಯಾಸ ಮಾಡುವುದು ಹೇಗೆ ಎಂಬುದು ಇವತ್ತು ನನಗೆ ಒಪ್ಪಿಸಿದ ವಿಷಯ. ನಾನು ದೇವಶಾಸ್ತ್ರ ಓದಿದವನಲ್ಲ. ಓಲೆಗರಿ, ಕೋರಿ ಕಾಗದದ ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠ ನಿರ್ಣಯಿಸುವ ಗ್ರಂಥಸಂಪಾದನೆ ನನ್ನ ಕಸುಬು. ಆ ಕಸುಬಿನ ಕಡೆಯಿಂದಲೇ ಈ ವಿಷಯವನ್ನು ನೋಡುತ್ತೇನೆ. ನಾನು ಹೇಳಬೇಕಾದದ್ದು ಒಂದೇ ಮಾತು: ನಮ್ಮ ಗ್ರಂಥವಾಗಲಿ, ನೆರೆಯವರ ಗ್ರಂಥವಾಗಲಿ, ಒರೆಗಲ್ಲು ಒಂದೇ ಇರಬೇಕು. ಹಟ್ಟಿಯ ಚಿನ್ನದ ಗಣಿ ಇರುವ ಸೀಮೆಯ ಜನಕ್ಕೆ ಒರೆಗಲ್ಲಿನ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನ ಯಾರ ಮನೆಯದು ಎಂದು ಕಲ್ಲು ಕೇಳುವುದಿಲ್ಲ.

ಐವತ್ತು ವರ್ಷದ ನೆನಪು

ಮೊದಲು ನಾವು ಇಂದು ಕೂಡಿರುವ ಈ ಬಂಗಾಳಿ ಕ್ಯಾಂಪಿನಿಂದಲೇ ಶುರು ಮಾಡುತ್ತೇನೆ. ಪೂರ್ವ ಪಾಕಿಸ್ತಾನದಿಂದ ಹೊರಟ ಬಂಗಾಳಿ ಕುಟುಂಬಗಳು ಈ ಎರೆಭೂಮಿಗೆ ಬಂದು ನೆಲೆ ನಿಂತು ಅರ್ಧ ಶತಮಾನ ದಾಟಿದೆ. ಬಂದವರಲ್ಲಿ ಹಲವರು ತೀರಿಕೊಂಡಿದ್ದಾರೆ. ಅಂದು ಕೂಸಾಗಿದ್ದವರು ಇಂದು ಅಜ್ಜ, ಅಜ್ಜಿ. ಇಲ್ಲೇ ಹುಟ್ಟಿದ ಮೊಮ್ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ, ಮನೆಯಲ್ಲಿ ಠಾಕುಮಾ, ಅಂದರೆ ಅಜ್ಜಿ, ಹೇಳುವ ಕತೆ ಕೇಳುತ್ತಾರೆ.

ಈಗ ಯೇಸುವಿನ ಕಾಲವನ್ನು ಇದರ ಪಕ್ಕದಲ್ಲಿಡಿ. ಯೇಸುವನ್ನು ಶಿಲುಬೆಗೆ ಏರಿಸಿದ್ದು ಕ್ರಿ.ಶ. 30ರ ಸುಮಾರಿಗೆ, ಪೊಂತ್ಯ ಪಿಲಾತನು ರೋಮಿನ ಪರವಾಗಿ ಯೂದಾಯವನ್ನು ಆಳುತ್ತಿದ್ದಾಗ. ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆ ಬರಹಕ್ಕೆ ಇಳಿದದ್ದು 70ರ ಆಸುಪಾಸಿನಲ್ಲಿ. ಮತ್ತಾಯ, ಲೂಕರ ಸುವಾರ್ತೆಗಳು ಅದಾದ ಒಂದೆರಡು ದಶಕದಲ್ಲಿ ಬಂದವು. ಯೋಹಾನನದು ಆ ಶತಮಾನದ ಕೊನೆಗೆ. ನೀವು ಈ ನೆಲಕ್ಕೆ ಕಾಲಿಟ್ಟ ದಿನದಿಂದ ಇವತ್ತಿನವರೆಗೆ ಕಳೆದ ಕಾಲ ಎಷ್ಟೋ, ಆ ಘಟನೆಯಿಂದ ಆ ಬರಹದವರೆಗೆ ಕಳೆದ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಇಂದು ಕ್ಯಾಂಪಿನ ನಾಲ್ಕು ಮನೆಗಳಲ್ಲಿ ಕೂತು, ಊರು ಬಿಟ್ಟು ಬಂದ ಕತೆಯನ್ನು ಬರೆದುಕೊಂಡರೆ ಏನಾಗುತ್ತದೆ? ಒಂದು ಮನೆಯಲ್ಲಿ ರೈಲಿನ ಪ್ರಯಾಣ ದೊಡ್ಡದು, ಇನ್ನೊಂದರಲ್ಲಿ ದಾರಿಯಲ್ಲಿ ತೀರಿಕೊಂಡ ಮಗು. ಒಬ್ಬರಿಗೆ ಮೊದಲ ಭತ್ತದ ಕೊಯ್ಲು ನೆನಪಿದೆ, ಇನ್ನೊಬ್ಬರಿಗೆ ಮೊದಲ ಬೇಸಿಗೆಯ ಬಿಸಿಲು. ಒಂದೇ ಘಟನೆ ಒಬ್ಬರ ಬಾಯಲ್ಲಿ ಮೊದಲು ಬರುತ್ತದೆ, ಇನ್ನೊಬ್ಬರ ಬಾಯಲ್ಲಿ ಆಮೇಲೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನೆನಪು ಇರುವುದೇ ಹೀಗೆ. ನೆನಪಿಗೆ ನೋವಿದೆ, ಪ್ರೀತಿಯಿದೆ, ಹೇಳುವವರ ಎದುರಿಗೆ ಕೂತ ಮಕ್ಕಳಿದ್ದಾರೆ. ಆ ಮಕ್ಕಳಿಗೆ ಏನು ಬೇಕೋ ಅದು ಮುಂದೆ ಬರುತ್ತದೆ.

ಸುವಾರ್ತೆಗಳೂ ಹಾಗೆಯೇ ಹುಟ್ಟಿದವು. ಇದನ್ನು ಹೊರಗಿನವರು ಮೊದಲು ಕಂಡುಹಿಡಿಯಲಿಲ್ಲ. ಲೂಕನೇ ತನ್ನ ಪುಸ್ತಕದ ಮೊದಲ ನಾಲ್ಕು ವಚನಗಳಲ್ಲಿ ಬಿಚ್ಚಿ ಹೇಳುತ್ತಾನೆ: ತನಗಿಂತ ಮುಂಚೆ ಅನೇಕರು ಬರೆದಿದ್ದಾರೆ, ಕಣ್ಣಾರೆ ಕಂಡವರಿಂದ ಮಾತು ಇಳಿದು ಬಂದಿದೆ, ತಾನು ಎಲ್ಲವನ್ನೂ ಮೊದಲಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಎಂದು. ವಿಚಾರಿಸಿ ಬರೆದೆ ಎಂದವನ ಪುಸ್ತಕವನ್ನು ವಿಚಾರಿಸಿ ಓದಿದರೆ ಅವನಿಗೆ ಅಗೌರವವಾದೀತೆ?

ಮಸ್ಕಿಯ ಕಲ್ಲು

ವಿಚಾರಿಸಿ ಓದುವುದು ಎಂದರೇನು ಎಂಬುದಕ್ಕೆ ಹತ್ತಿರದ ಉದಾಹರಣೆ ಮಸ್ಕಿಯ ಬಂಡೆಯಲ್ಲಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ಉದ್ದಗಲಕ್ಕೂ ಇದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಸಿಕ್ಕವು. ಈ ರಾಜ ಯಾರು? ಸಿಂಹಳದ ಬೌದ್ಧ ವೃತ್ತಾಂತಗಳನ್ನು ಓದಿದ್ದ ಜಾರ್ಜ್ ಟರ್ನರ್ ಅವು ಅಶೋಕನಿಗೆ ಸಲ್ಲುತ್ತವೆ ಎಂದು ತೋರಿಸಿದರು. ವಿದ್ವಾಂಸರು ಒಪ್ಪಿದರು. ಆದರೆ ಅದು ಶತಮಾನಗಳ ನಂತರ, ಧರ್ಮಶ್ರದ್ಧೆಯಿಂದ ಬರೆದ ಗ್ರಂಥದ ಆಧಾರ. ಅಶೋಕ ಎಂಬ ಹೆಸರು ಕಲ್ಲಿನ ಮೇಲೆ ಇರಲಿಲ್ಲ.

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರಿತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ತುಂಗಭದ್ರೆಯ ಆಚೆ ದಡದ ನಿಟ್ಟೂರು, ಉಡೇಗೋಳಗಳಲ್ಲಿ ಅದೇ ಹೆಸರು ಸಿಕ್ಕಿತು.

ಈ ಪ್ರಸಂಗದಿಂದ ನಾನು ಎರಡು ಮಾತು ಕಲಿತೆ. ಶ್ರದ್ಧೆಯಿಂದ ಬರೆದದ್ದು ಎಂಬ ಒಂದೇ ಕಾರಣಕ್ಕೆ ಒಂದು ಗ್ರಂಥವನ್ನು ಇತಿಹಾಸದಿಂದ ಆಚೆಗೆ ದೂಡಬಾರದು. ಸಿಂಹಳದ ಭಿಕ್ಷುಗಳು ಉಳಿಸಿದ ಮಾತು ಸರಿಯಾಗಿತ್ತು. ಹಾಗೆಯೇ ಆ ಗ್ರಂಥ ಹೇಳಿದ್ದೆಲ್ಲ ಕಲ್ಲಿನ ಮೇಲೆ ಕೊರೆದಷ್ಟು ಗಟ್ಟಿ ಎಂದೂ ಹೇಳಬಾರದು. ಅಶೋಕನ ಬಗ್ಗೆ ಆ ವೃತ್ತಾಂತಗಳಲ್ಲಿ ಪವಾಡಗಳೂ ಇವೆ, ಇತಿಹಾಸವೂ ಇದೆ. ಎರಡನ್ನೂ ಬೇರ್ಪಡಿಸುವ ಕೆಲಸ ತಾಳ್ಮೆಯದು.

ಯೇಸುವಿನ ವಿಷಯದಲ್ಲೂ ಇದೇ ತಾಳ್ಮೆ ಬೇಕು. ಅಂಥ ವ್ಯಕ್ತಿ ಇರಲೇ ಇಲ್ಲ ಎನ್ನುವವರಿದ್ದಾರೆ. ಸುವಾರ್ತೆಯ ಪ್ರತಿ ಅಕ್ಷರವೂ ಕಂಡದ್ದನ್ನು ಕಂಡ ಹಾಗೆ ಬರೆದ ವರದಿ ಎನ್ನುವವರೂ ಇದ್ದಾರೆ. ಸಾಕ್ಷ್ಯ ಇಬ್ಬರಿಗೂ ಒಲಿಯುವುದಿಲ್ಲ. ಪೌಲನ ಪತ್ರಗಳು ಸುವಾರ್ತೆಗಳಿಗಿಂತ ಹಳೆಯವು. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಕ್ರಿ.ಶ. 50ರ ಸುಮಾರಿನದು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಯೆರೂಸಲೇಮಿಗೆ ಹೋಗಿ ಪೇತ್ರನ ಬಳಿ 15 ದಿನ ಇದ್ದೆ, ಯೇಸುವಿನ ತಮ್ಮ ಯಾಕೋಬನನ್ನು ಕಂಡೆ ಎಂದು ಹೇಳುತ್ತಾನೆ. ಒಬ್ಬನ ಒಡಹುಟ್ಟಿದವನನ್ನು ಕಂಡು ಮಾತಾಡಿದವನ ಸಾಕ್ಷ್ಯವನ್ನು ಸುಲಭವಾಗಿ ತಳ್ಳಿಹಾಕಲಾಗದು. ಅದೇ ಹೊತ್ತಿಗೆ, ಪೌಲನ ಹೆಸರಿನಲ್ಲಿರುವ 13 ಪತ್ರಗಳಲ್ಲಿ ಏಳನ್ನು ಮಾತ್ರ ಬಹುತೇಕ ಎಲ್ಲ ವಿದ್ವಾಂಸರೂ ಅವನದೇ ಎಂದು ಒಪ್ಪುತ್ತಾರೆ. ಉಳಿದವುಗಳ ಭಾಷೆ, ಶೈಲಿ, ಅಲ್ಲಿ ಕಾಣುವ ಸಭೆಯ ವ್ಯವಸ್ಥೆ ಬೇರೆ ಕೈಯನ್ನೂ ಸೂಚಿಸುತ್ತವೆ. ವಚನಗಳ ಅಂಕಿತ ಹೊತ್ತು ಬಂದ ಪ್ರಕ್ಷಿಪ್ತಗಳನ್ನು ಬೇರ್ಪಡಿಸಿದ ನಮ್ಮ ಸಂಪಾದಕರಿಗೆ ಈ ಕೆಲಸ ಹೊಸದೇನಲ್ಲ.

ನಾಲ್ಕು ಸುವಾರ್ತೆ, ನಾಲ್ಕು ಸಂಪಾದನೆ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರಕ್ಕೆ ನಿಮ್ಮಲ್ಲಿ ಬಹಳ ಜನ ಹೋಗಿದ್ದೀರಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಆ ಊರಿನವರು. ಅವರಿಬ್ಬರ ಕತೆಯನ್ನು ನಾವು ಬಹುಮಟ್ಟಿಗೆ ತಿಳಿದದ್ದು ಶೂನ್ಯಸಂಪಾದನೆಯಿಂದ. ಶರಣರು ಬಾಳಿದ್ದು 12ನೆಯ ಶತಮಾನದಲ್ಲಿ. ಶೂನ್ಯಸಂಪಾದನೆಗಳು ಹುಟ್ಟಿದ್ದು 15, 16ನೆಯ ಶತಮಾನಗಳಲ್ಲಿ. ಅವೂ ನಾಲ್ಕು: ಶಿವಗಣಪ್ರಸಾದಿ ಮಹದೇವಯ್ಯನದು, ಹಲಗೆಯದೇವನದು, ಗುಮ್ಮಳಾಪುರದ ಸಿದ್ಧಲಿಂಗಯತಿಯದು, ಗೂಳೂರು ಸಿದ್ಧವೀರಣ್ಣೊಡೆಯನದು.

ಬಿಡಿಬಿಡಿಯಾಗಿ, ಕಟ್ಟುಗಳಲ್ಲಿ ಉಳಿದು ಬಂದಿದ್ದ ವಚನಗಳನ್ನು ಶಿವಗಣಪ್ರಸಾದಿ ಮಹದೇವಯ್ಯ ಒಂದು ಸಂವಾದವಾಗಿ ಹೆಣೆದ. ಯಾವ ವಚನ ಯಾರಿಗೆ ಉತ್ತರವಾಗಿ ಬಂತು, ಯಾರು ಎದುರಿಗಿದ್ದರು ಎಂಬ ಸಂದರ್ಭ ಅವನ ಹೆಣಿಗೆ. ಮುಂದಿನವರು ಅದನ್ನೇ ಆಧಾರವಾಗಿಟ್ಟುಕೊಂಡು ತಿದ್ದಿದರು, ಸೇರಿಸಿದರು, ಜಾಗ ಬದಲಿಸಿದರು. ಮೊದಲ ಸಂಪಾದನೆಯಲ್ಲಿ ಇಲ್ಲದ ಸಿದ್ಧರಾಮನ ದೀಕ್ಷೆಯ ಪ್ರಸಂಗ ಮುಂದೆ ಬಂದು ಸೇರಿತು. ಏಕೆ ಸೇರಿತು ಎಂದು ಕೇಳಿದಾಗ ಆ ಕಾಲದ ವೀರಶೈವ ಸಮಾಜದ ಚರ್ಚೆಗಳು ಕಣ್ಣಿಗೆ ಬೀಳುತ್ತವೆ.

ಸುವಾರ್ತೆಗಳ ಕಗ್ಗಂಟೂ ಇದೇ. ಮಾರ್ಕನಲ್ಲಿರುವ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮತ್ತಾಯನಲ್ಲಿ ಮತ್ತೆ ಬರುತ್ತದೆ, ಎಷ್ಟೋ ಕಡೆ ಅದೇ ಗ್ರೀಕ್ ಪದಗಳಲ್ಲಿ. ಲೂಕನೂ ಮಾರ್ಕನನ್ನು ಬಳಸಿದ್ದಾನೆ. ಮಾರ್ಕನಲ್ಲಿ ಇಲ್ಲದ, ಮತ್ತಾಯ ಲೂಕರಿಬ್ಬರಲ್ಲೂ ಇರುವ ಯೇಸುವಿನ ಮಾತುಗಳಿವೆ. ಇವಕ್ಕೆ ಕಳೆದುಹೋದ ಒಂದು ಮಾತುಗಳ ಸಂಗ್ರಹ ಮೂಲವಾಗಿರಬೇಕು ಎಂದು 19ನೆಯ ಶತಮಾನದ ಜರ್ಮನ್ ವಿದ್ವಾಂಸರು ಊಹಿಸಿದರು. ಕತೆಯಿಲ್ಲದ ಬರೀ ಮಾತುಗಳ ಪುಸ್ತಕ ಇರಲು ಸಾಧ್ಯವೇ ಎಂದು ಅನೇಕರು ಸಂಶಯಪಟ್ಟರು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಮಣ್ಣಿನ ಗಡಿಗೆಯೊಳಗೆ ಹಳೆಯ ಹೊತ್ತಗೆಗಳು ಸಿಕ್ಕವು. ಅವುಗಳಲ್ಲಿ ತೋಮನ ಸುವಾರ್ತೆ ಇತ್ತು. ಅದರಲ್ಲಿ ಹುಟ್ಟಿಲ್ಲ, ಶಿಲುಬೆಯಿಲ್ಲ. 114 ಮಾತುಗಳಿವೆ, ಅಷ್ಟೇ. ಊಹಿಸಿದ ಸಂಗ್ರಹ ಇದೇ ಎಂದು ಹೇಳಲಾಗದು, ಆದರೆ ಅಂಥ ಪುಸ್ತಕದ ಬಗೆ ಇತ್ತು ಎಂಬುದು ಖಚಿತವಾಯಿತು. ವಚನದ ಕಟ್ಟನ್ನೂ ಶೂನ್ಯಸಂಪಾದನೆಯನ್ನೂ ಎರಡು ಕೈಯಲ್ಲಿ ಹಿಡಿದ ಕನ್ನಡಿಗನಿಗೆ ಇದು ಒಂದೇ ನೋಟಕ್ಕೆ ಹೊಳೆಯುತ್ತದೆ. ತೋಮನದು ಕಟ್ಟು, ಮಾರ್ಕನದು ಸಂಪಾದನೆ.

ಶೂನ್ಯಸಂಪಾದನೆಯ ನಾಲ್ಕು ರೂಪಗಳನ್ನು ಹೋಲಿಸಿ ಓದಿದ್ದರಿಂದ ಅಲ್ಲಮನ ಬೆಳಕು ಕುಂದಿತೆ? ನನ್ನ ಅನುಭವದಲ್ಲಿ ಹೆಚ್ಚಿತು. ಹಲವು ಕೈಗಳು ಇಷ್ಟು ಪ್ರೀತಿಯಿಂದ ಹೊತ್ತು ತಂದ ಮಾತಿನ ತೂಕ ಆಗ ಗೊತ್ತಾಯಿತು.

ಪ್ರತಿಕಾರನ ಕೈ

ನಮ್ಮ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರ ತಪ್ಪಿದ್ದರೆ ಕ್ಷಮಿಸಿ, ತಿದ್ದಿ ಓದಿ ಎಂದು ಬೇಡಿಕೊಳ್ಳುವ ರೂಢಿ ಇದೆ. ಹೊಸ ಒಡಂಬಡಿಕೆಯ ಸಾವಿರಾರು ಗ್ರೀಕ್ ಹಸ್ತಪ್ರತಿಗಳನ್ನು ಬರೆದವರೂ ಇಂಥ ಮನುಷ್ಯರೇ. ಕಣ್ಣು ಜಾರಿ ಸಾಲು ಬಿಟ್ಟವರಿದ್ದಾರೆ, ಭಕ್ತಿಯಿಂದ ತಿದ್ದಿದವರೂ ಇದ್ದಾರೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯನ್ನು ಕಂಡು ಯೇಸು ಕನಿಕರಪಟ್ಟನು ಎಂದು ಬಹುಪಾಲು ಪ್ರತಿಗಳು ಹೇಳಿದರೆ, ಕೋಪಗೊಂಡನು ಎನ್ನುವ ಪ್ರತಿಯೂ ಇದೆ. ಕೋಪವನ್ನು ಕನಿಕರಕ್ಕೆ ತಿದ್ದುವ ಪ್ರತಿಕಾರನನ್ನು ಊಹಿಸಬಹುದು. ಕನಿಕರವನ್ನು ಕೋಪಕ್ಕೆ ತಿದ್ದುವವನನ್ನು ಊಹಿಸುವುದು ಕಷ್ಟ. ಹಾಗಾಗಿ ಕಠಿಣವಾದ ಪಾಠವೇ ಮೂಲವಿರಬಹುದು ಎಂದು ಕೆಲವು ಸಂಪಾದಕರು ವಾದಿಸುತ್ತಾರೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ತರ್ಕ ಪರಿಚಿತ. ಪಂಪನಿಗೆ ಅನ್ವಯಿಸಿದ ತರ್ಕ ಮಾರ್ಕನಿಗೂ ಅನ್ವಯಿಸುತ್ತದೆ.

ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು 4ನೆಯ ಶತಮಾನದ ಎರಡು ಪ್ರಮುಖ ಹೊತ್ತಗೆಗಳಲ್ಲಿ ಇಲ್ಲ. ಅವುಗಳಲ್ಲಿ ಪುಸ್ತಕ ಮುಗಿಯುವುದು ಬರಿದಾದ ಸಮಾಧಿಯ ಎದುರು ನಡುಗಿದ ಹೆಣ್ಣುಮಕ್ಕಳು ಹೆದರಿ ಯಾರಿಗೂ ಹೇಳದೆ ಓಡಿಹೋದಲ್ಲಿಗೆ. ಇಂದಿನ ಅನುವಾದಗಳು ಅದನ್ನು ಅಡಿಟಿಪ್ಪಣಿಯಲ್ಲಿ ಮುಚ್ಚಿಡದೆ ತಿಳಿಸುತ್ತವೆ. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಇದರ ಹಿಂದೆ ದುಡಿದವರಲ್ಲಿ ಹೆಚ್ಚಿನವರು ನಂಬಿಕೆಯುಳ್ಳ ಕ್ರೈಸ್ತರೇ.

ಕನ್ನಡಕ್ಕೆ ಈ ಪ್ರಾಮಾಣಿಕತೆ ಬಂದದ್ದರಲ್ಲಿ ಒಬ್ಬ ಮಿಷನರಿಯ ಪಾಲೂ ಇದೆ. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಹಸ್ತಪ್ರತಿ ನೋಡಿ ಸಂಪಾದಿಸಿದರು. ಯೇಸುವಿನ ಕತೆಯನ್ನು ‘ಕಥಾಮಾಲೆ’ಯಾಗಿ ಕನ್ನಡ ಛಂದಸ್ಸಿನಲ್ಲಿ ಕಟ್ಟಿದವರೂ ಅವರೇ. ನೆರೆಯವರ ಗ್ರಂಥವನ್ನು ಅಷ್ಟು ಎಚ್ಚರದಿಂದ ಸಂಪಾದಿಸಿದವರಿಗೆ ನಾವು ಸಲ್ಲಿಸಬಹುದಾದ ಗೌರವ ಎಂದರೆ ಅವರ ಗ್ರಂಥವನ್ನು ಅಷ್ಟೇ ಎಚ್ಚರದಿಂದ ಓದುವುದು.

ಕಾಲುವೆಯಿಂದ, ಕಾಲುವೆಯ ಮೂಲಕ

ಈಗ ನಿಮ್ಮ ಬಂಗಾಳಕ್ಕೆ ಬರುತ್ತೇನೆ. ಕಲ್ಕತ್ತೆಯ ಬಳಿಯ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದರು. ಅದೇ ಕೇರಿ 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನೂ ಪ್ರಕಟಿಸಿದರು. ಶ್ರೀರಾಂಪುರದಲ್ಲಿ ಕನ್ನಡದ ಅನುವಾದವೂ ನಡೆದಿತ್ತು. ಇತ್ತ ತುಂಗಭದ್ರೆಯ ಆಚೆ ಬಳ್ಳಾರಿಯಲ್ಲಿ 1810ರಿಂದ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ನಿಮ್ಮ ತಾಯಿನುಡಿಯೂ ನಿಮ್ಮ ಮಕ್ಕಳ ಶಾಲೆಯ ನುಡಿಯೂ ಒಂದು ಕಾಲದಲ್ಲಿ ಒಂದೇ ಅಚ್ಚುಕೂಟದ ಮೇಜಿನ ಮೇಲೆ ಜೊತೆಗಿದ್ದವು.

ಆ ಬಂಗಾಳದಲ್ಲೇ ರಾಮಮೋಹನ ರಾಯರು 1820ರಲ್ಲಿ ಯೇಸುವಿನ ನೀತಿಬೋಧೆಗಳನ್ನು ಸುವಾರ್ತೆಗಳಿಂದ ಆಯ್ದು, ಪವಾಡಗಳನ್ನು ಬಿಟ್ಟು ಒಂದು ಪುಸ್ತಕವಾಗಿ ಪ್ರಕಟಿಸಿದರು. ಮೂಲದಲ್ಲೇ ಓದಬೇಕೆಂದು ಹೀಬ್ರೂ, ಗ್ರೀಕ್ ಕಲಿತರು. ಶ್ರೀರಾಂಪುರದ ಜೋಶುವಾ ಮಾರ್ಷ್‌ಮನ್ ಖಂಡಿಸಿದರು, ರಾಯರು ಒಂದರ ಮೇಲೊಂದು ಮೂರು ಉತ್ತರ ಬರೆದರು. ಇನ್ನೊಬ್ಬರ ಧರ್ಮಗ್ರಂಥದ ಬಗ್ಗೆ ವಾದ ಮಾಡುವ ಮೊದಲು ಅದರ ಭಾಷೆ ಕಲಿಯಬೇಕು ಎಂಬ ಶಿಸ್ತು ನಮ್ಮ ಕಾಲದಲ್ಲಿ ಅಪರೂಪವಾಗಿದೆ.

ರಾಯರು ಬ್ಯಾಪ್ಟಿಸ್ಟ್ ಮಿಷನರಿಗಳಾದ ವಿಲಿಯಂ ಯೇಟ್ಸ್, ವಿಲಿಯಂ ಆಡಂ ಅವರೊಡನೆ ಕೂತು ಸುವಾರ್ತೆಗಳನ್ನು ಬಂಗಾಳಿಗೆ ಹೊಸದಾಗಿ ತರುತ್ತಿದ್ದಾಗ ಯೋಹಾನನ ಮೊದಲ ಅಧ್ಯಾಯದ ಮೂರನೆಯ ವಚನದಲ್ಲಿ ಕೆಲಸ ನಿಂತಿತು. ಅಲ್ಲಿರುವ ಗ್ರೀಕ್ ಪದ ‘ದಿಯಾ’. ಸೃಷ್ಟಿಯೆಲ್ಲ ವಾಕ್ಯದಿಂದ (ಅಂದರೆ ಕ್ರಿಸ್ತನಿಂದ) ಆಯಿತೋ, ವಾಕ್ಯದ ಮೂಲಕ ಆಯಿತೋ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಕಾದು ಕೂತು ಗೊತ್ತಿರುವ ನಿಮಗೆ ಈ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಕಾಲುವೆಯಿಂದ ನೀರು ಬಂತು ಎಂದರೆ ಕೇಳಿದವನಿಗೆ ಕಾಲುವೆಯೇ ನೀರಿನ ಮೂಲ ಎನಿಸಬಹುದು. ಕಾಲುವೆಯ ಮೂಲಕ ನೀರು ಬಂತು ಎಂದರೆ ಮೂಲ ಹೊಳೆಯಲ್ಲಿದೆ, ಕಾಲುವೆ ದಾರಿ. ಮೂಲಕ ಎಂದೇ ಅನುವಾದಿಸಬೇಕೆಂದು ಆಡಂಗೆ ಮನವರಿಕೆಯಾಯಿತು. ಯೇಟ್ಸ್ ಅದನ್ನು ಒಪ್ಪದೆ ಹಿಂದೆ ಸರಿದರು. 1821ರ ಹೊತ್ತಿಗೆ ಆಡಂ ತ್ರಿತ್ವದ ಸಿದ್ಧಾಂತವನ್ನೇ ಬಿಟ್ಟು ಏಕದೇವವಾದಿಯಾದರು. ಅವರ ಸಂಗಡಿಗರು ಅವರನ್ನು ಪತಿತರೆಂದು ಹೀಯಾಳಿಸಿದರು. ಆಡಂ ತಲುಪಿದ ನಿಲುವನ್ನು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ‘ಮೂಲಕ’ ಎಂದು ಓದಿಯೂ ತ್ರಿತ್ವವನ್ನು ನಂಬುವ ವಿದ್ವಾಂಸರು ಎಷ್ಟೋ ಮಂದಿ. ಪದಕ್ಕೆ ನಿಷ್ಠರಾಗಿರಲು ಆಡಂ ತೆತ್ತ ಬೆಲೆಯನ್ನು ನೆನೆಯೋಣ ಎನ್ನುತ್ತೇನೆ.

ಮತುವಾ ಮಾರ್ಗದ ಹಿರಿಯರಾದ ಹರಿಚಾಂದ್, ಗುರುಚಾಂದ್ ಠಾಕುರರ ಹೆಸರು ನಿಮ್ಮಲ್ಲಿ ಅನೇಕ ಮನೆಗಳಿಗೆ ಹತ್ತಿರದ್ದು. 20ನೆಯ ಶತಮಾನದ ಆರಂಭದಲ್ಲಿ ಗುರುಚಾಂದರು ಆಸ್ಟ್ರೇಲಿಯಾದ ಬ್ಯಾಪ್ಟಿಸ್ಟ್ ಮಿಷನರಿ ಸಿ.ಎಸ್. ಮೀಡ್ ಅವರ ನೆರವಿನಿಂದ ಒರಾಕಾಂದಿಯಲ್ಲಿ ನಾಮಶೂದ್ರ ಮಕ್ಕಳ ಶಾಲೆಯನ್ನು ಬೆಳೆಸಿದರು. ತಮ್ಮ ಮತುವಾ ಮಾರ್ಗವನ್ನು ಬಿಡಲಿಲ್ಲ, ಮಿಷನರಿಯ ಕೈಯನ್ನೂ ಬಿಡಲಿಲ್ಲ. ತೆರೆದ ಮನಸ್ಸು ಎಂದರೆ ತನ್ನ ಬೇರನ್ನು ಕಿತ್ತುಕೊಳ್ಳಬೇಕು ಎಂದು ಹೆದರುವವರಿಗೆ ಈ ಹಿರಿಯರ ಬದುಕೇ ಉತ್ತರ.

ಹಿತವಾದ ಸುಳ್ಳು

ಒರೆಗಲ್ಲು ನಮ್ಮ ಚಿನ್ನಕ್ಕೂ ತಾಗಬೇಕು ಎಂದೆ. ಯೇಸು ತಾರುಣ್ಯದಲ್ಲಿ ಭಾರತಕ್ಕೆ ಬಂದು ಇಲ್ಲಿಯ ಗುರುಗಳಿಂದ ಕಲಿತ ಎಂಬ ಮಾತನ್ನು ನೀವು ಕೇಳಿದ್ದೀರಿ. ಇದನ್ನು ಹಬ್ಬಿಸಿದ್ದು ರಷ್ಯದ ನಿಕೊಲಾಸ್ ನೊಟೊವಿಚ್ 1894ರಲ್ಲಿ ಪ್ರಕಟಿಸಿದ ಪುಸ್ತಕ. ಲಡಾಖಿನ ಹೆಮಿಸ್ ಮಠದಲ್ಲಿ ಹಸ್ತಪ್ರತಿ ಕಂಡೆ ಎಂದ ಅವನ ಮಾತನ್ನು ಮ್ಯಾಕ್ಸ್ ಮುಲ್ಲರ್ ಸಂಶಯಿಸಿದರು. 1895ರಲ್ಲಿ ಆಗ್ರಾದ ಪ್ರಾಧ್ಯಾಪಕ ಜೆ. ಆರ್ಚಿಬಾಲ್ಡ್ ಡಗ್ಲಸ್ ಮಠಕ್ಕೇ ಹೋಗಿ ವಿಚಾರಿಸಿದರು. ಅಂಥ ಹಸ್ತಪ್ರತಿಯೇ ಇಲ್ಲ ಎಂದು ಮಠದ ಮುಖ್ಯ ಲಾಮಾ ತಿಳಿಸಿದರು. ಈ ಕತೆ ನಮ್ಮ ಹೆಮ್ಮೆಗೆ ಹಿತವಾಗಿದೆ. ಹಿತವಾಗಿದೆ ಎಂಬ ಕಾರಣಕ್ಕೇ ಇದನ್ನು ಇನ್ನಷ್ಟು ಗಟ್ಟಿಯಾಗಿ ಒರೆಗೆ ಹಚ್ಚಬೇಕು.

ಕನ್ನಡದ ಹೆಮ್ಮೆಯ ವಿಷಯದಲ್ಲೂ ಹೀಗೆಯೇ. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ಕಸದ ಗುಡ್ಡೆಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಅದರಲ್ಲಿ ಕನ್ನಡದ ಮಾತುಗಳಿವೆ ಎಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದರು. ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಅದೇ ಊರಿನ ಗುಡ್ಡೆಗಳಲ್ಲಿ 1897ರಲ್ಲಿ ಯೇಸುವಿನ ಮಾತುಗಳ ಹರಕೊಂದು ಸಿಕ್ಕಿತ್ತು. ಅದು ತೋಮನ ಸುವಾರ್ತೆಯದೆಂದು ತಿಳಿದದ್ದು ನಾಗ್ ಹಮ್ಮಾದಿಯ ನಂತರ. ಒಂದೇ ಊರಿನಿಂದ ಬಂದ ಎರಡು ಹಾಳೆಗಳಲ್ಲಿ ಒಂದಕ್ಕೆ ಮೃದುವಾದ ಕಲ್ಲು, ಇನ್ನೊಂದಕ್ಕೆ ಗಡಸು ಕಲ್ಲು ಹಿಡಿಯುವುದು ನ್ಯಾಯವಲ್ಲ.

ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಕಂಡವರು. ಕಾಲನಿರ್ಣಯದ ಸಂಶೋಧಕನ ಎಚ್ಚರ, ಕವಿಯ ಕಣ್ಣೀರು ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಅವರೇ ಸಾಕ್ಷಿ. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟಾನ್ಲಿ ಸಮರ್ಥ ಇನ್ನೊಂದು ಸಾಕ್ಷಿ. ಮಂಗಳೂರು, ಬೆಂಗಳೂರುಗಳಲ್ಲಿ ದೇವಶಾಸ್ತ್ರ ಕಲಿಸಿ, ಕೇರಿ ಕಟ್ಟಿದ ಶ್ರೀರಾಂಪುರ ಕಾಲೇಜಿನ ಪ್ರಾಂಶುಪಾಲರಾಗಿ, ಮುಂದೆ ಜಿನೀವಾದ ಚರ್ಚುಗಳ ವಿಶ್ವಮಂಡಳಿಯಲ್ಲಿ ಸರ್ವಧರ್ಮ ಸಂವಾದದ ವಿಭಾಗವನ್ನು ಕಟ್ಟಿದ ಕನ್ನಡಿಗರು ಅವರು. ಹಲವು ಧರ್ಮಗ್ರಂಥಗಳು ಒಟ್ಟಿಗೆ ಬಾಳುವ ನಾಡಿನಲ್ಲಿ ಬೈಬಲನ್ನು ಉಳಿದವುಗಳ ನೆರೆಯಲ್ಲಿಟ್ಟು ಓದುವ ಹೊಸ ಕ್ರಮ ಬೇಕು ಎಂದು ಅವರು ಬಾಳಿನುದ್ದಕ್ಕೂ ವಾದಿಸಿದರು. ಕ್ರಿಸ್ತನಲ್ಲಿ ಇಟ್ಟ ನಂಬಿಕೆಯನ್ನು ಬಿಡದೆಯೇ ವಾದಿಸಿದರು.

ನಾಲ್ಕನ್ನೂ ಉಳಿಸಿದವರು

ಕೊನೆಯದಾಗಿ ಒಂದು ಪ್ರಸಂಗ. ಕ್ರಿ.ಶ. 170ರ ಸುಮಾರಿಗೆ ಸಿರಿಯಾ ಕಡೆಯ ತಾತಿಯಾನನೆಂಬ ವಿದ್ವಾಂಸ ನಾಲ್ಕು ಸುವಾರ್ತೆಗಳ ವ್ಯತ್ಯಾಸಗಳನ್ನು ಹೊಂದಿಸಿ ಒಂದೇ ಕತೆಯಾಗಿ ಹೆಣೆದ. ಓದಲು ಹಗುರ, ವಿರೋಧವಿಲ್ಲ, ಪ್ರಶ್ನೆಯಿಲ್ಲ. ಸಿರಿಯಾದ ಸಭೆಗಳು ಅದನ್ನು ಬಹುಕಾಲ ಓದಿದವು. ಆದರೆ ಒಟ್ಟು ಕ್ರೈಸ್ತ ಪರಂಪರೆ ಆ ನುಣುಪಾದ ಪುಸ್ತಕವನ್ನು ಬಿಟ್ಟು, ಪರಸ್ಪರ ಹೊಂದದ ನಾಲ್ಕನ್ನೂ ಉಳಿಸಿಕೊಂಡಿತು. 367ರಲ್ಲಿ ಅಲೆಕ್ಸಾಂಡ್ರಿಯದ ಅಥನೇಸಿಯಸ್ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಕೊಟ್ಟಾಗ ಅದರ ತಲೆಯಲ್ಲಿ ಇದ್ದವು ನಾಲ್ಕು ಸುವಾರ್ತೆಗಳು. ಇಂದಿನ ವಿದ್ವಾಂಸ ಹೋಲಿಸಿ ನೋಡಲು ಸಾಧ್ಯವಾಗಿರುವುದು ಆ ಹಳೆಯ ಭಕ್ತರು ವ್ಯತ್ಯಾಸವನ್ನು ಅಳಿಸದೆ ಕಾಪಾಡಿದ್ದರಿಂದ. ವಿಮರ್ಶೆಗೂ ಭಕ್ತಿಗೂ ಹಗೆಯಿದೆ ಎನ್ನುವವರು ಈ ಋಣವನ್ನು ನೆನೆಯಬೇಕು.

ಅದಕ್ಕೇ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಇವತ್ತು ಮನೆಗೆ ಹೋದಾಗ ಒಂದು ನೋಟ್‌ಬುಕ್ ತೆಗೆಯಿರಿ. ಊರು ಬಿಟ್ಟು ಬಂದ ಕತೆಯನ್ನು ನಿಮ್ಮ ಠಾಕುಮಾ ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಮೇಲೆ ಬರೆಯಿರಿ. ಪಕ್ಕದ ಮನೆಯವರು ಬೇರೆ ಥರ ಹೇಳಿದರೆ ಅದನ್ನೂ ಬರೆಯಿರಿ. ಎರಡನ್ನೂ ಹೊಂದಿಸಲು ಹೋಗಬೇಡಿ. ಆ ನೋಟ್‌ಬುಕ್ಕುಗಳನ್ನು ಒಟ್ಟಿಗಿಟ್ಟು ಓದಿದ ದಿನ ಮಾರ್ಕ, ಮತ್ತಾಯ, ಲೂಕ, ಯೋಹಾನರ ಕಷ್ಟವೂ ಪ್ರೀತಿಯೂ ನಿಮಗೆ ಯಾವ ಉಪನ್ಯಾಸವೂ ಇಲ್ಲದೆ ಅರ್ಥವಾಗುತ್ತದೆ.

ನಿಮ್ಮ ಮನೆಯ ನೆನಪನ್ನು ಎಷ್ಟು ಪ್ರೀತಿಯಿಂದ, ಎಷ್ಟು ಎಚ್ಚರದಿಂದ ಒರೆಗೆ ಹಚ್ಚುತ್ತೀರೋ, ನೆರೆಯವರ ಗ್ರಂಥವನ್ನೂ ಅಷ್ಟೇ ಪ್ರೀತಿಯಿಂದ, ಅಷ್ಟೇ ಎಚ್ಚರದಿಂದ ಹಚ್ಚಿ.